ಒಂದು ಪರಾತ ಗಿರ್ಮಿಟ್ಟು

ಹಾಕಿಯಲ್ಲಿ ಒಂದು ಕ್ವಾರ್ಟರ್ ಅಂದರೆ 15 ನಿಮಿಷ. ಅದು ಮುಗಿದ ಮೇಲೆ ಸಿಗುವ ಬಿಡುವು ಎರಡೇ ನಿಮಿಷ. ಗಿರ್ಮಿಟ್ಟು ಕಲಸುವುದಕ್ಕೆ ನನಗೆ ಬೇಕಾಗುವುದೂ ಅಷ್ಟೇ ಹೊತ್ತು. ಹುಣಸೆಹುಳಿ, ಹಸಿಮೆಣಸು, ಅರಿಸಿನ, ಚೂರು ಬೆಲ್ಲ ಹಾಕಿ ಕುದಿಸಿದ ಮಸಾಲೆ ಒಲೆಯ ಮೇಲೆ ಸಿದ್ಧವಿರುತ್ತದೆ. ಪುಟಾಣಿ ಹಿಟ್ಟು ಬಟ್ಟಲಲ್ಲಿ, ಹೆಚ್ಚಿದ ಕೊತ್ತಂಬರಿ ಇನ್ನೊಂದರಲ್ಲಿ. ಚುರುಮುರಿ ಮಾತ್ರ ಬಿಗಿ ಮುಚ್ಚಳದ ಡಬ್ಬಿಯಲ್ಲೇ ಇರಬೇಕು. ಟಿವಿಯಲ್ಲಿ ಹೂಟರ್ ಕೇಳಿಸಿದ್ದೇ ತಡ ಅದನ್ನು ಪರಾತಕ್ಕೆ ಸುರಿದು, ಮಸಾಲೆ ಹಾಕಿ, ಎರಡೂ ಕೈಯಿಂದ ತಳದಿಂದ ಮೇಲಕ್ಕೆ ಎತ್ತಿ ಎತ್ತಿ ಕಲಸಿ, ಪುಟಾಣಿ ಹಿಟ್ಟು ಉದುರಿಸಿ ಹಾಲಿಗೆ ತಂದಿಡುತ್ತೇನೆ. ಮೊದಲೇ ಕಲಸಿಟ್ಟರೆ ಕೆಟ್ಟಿತು. ಧಾರವಾಡದಲ್ಲಾದರೆ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಮಾತ್ರ ಚುರುಮುರಿ ಮೆತ್ತಗಾಗುತ್ತಿತ್ತು. ಸಿಂಗಪುರದಲ್ಲಿ ವರ್ಷವಿಡೀ ಗಾಳಿಯಲ್ಲಿ ನೀರೇ ಇರುತ್ತದೆ. ಹಾಗಾಗಿ ಆಟದ ದಿನ ಬಾಣಲೆಯಲ್ಲಿ ಸಣ್ಣ ಉರಿಗೆ ಚುರುಮುರಿ ಬೆಚ್ಚಗೆ ಮಾಡುತ್ತೇನೆ. ಒಂದು ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಪಟ್ಟನೆ ಒಡೆಯಬೇಕು. ಒಡೆಯದೆ ಬಾಗಿದರೆ ಇನ್ನೂ ಹುರಿಯಬೇಕು.

ನಮ್ಮ ಮನೆ ಇರುವುದು ಚೋವಾ ಚು ಕಾಂಗ್‌ನಲ್ಲಿ, ದ್ವೀಪದ ವಾಯವ್ಯ ದಿಕ್ಕಿಗೆ. ಚುರುಮುರಿ ತರಲು ಲಿಟ್ಲ್ ಇಂಡಿಯಾಕ್ಕೆ ಹೋಗಬೇಕು. ಇಲ್ಲಿಂದ ಪುಟ್ಟ ಎಲ್‌ಆರ್‌ಟಿ ರೈಲು ಹತ್ತಿ ಬುಕಿತ್ ಪಂಜಾಂಗ್‌ಗೆ ಹೋಗಿ, ಅಲ್ಲಿ ಡೌನ್‌ಟೌನ್ ಲೈನ್ ರೈಲು ಹಿಡಿದರೆ ಲಿಟ್ಲ್ ಇಂಡಿಯಾದಲ್ಲೇ ಇಳಿಸುತ್ತದೆ. ಬರುವಾಗ ಎರಡು ಕೈಯಲ್ಲೂ ದೊಡ್ಡ ದೊಡ್ಡ ಚೀಲ, ತೂಕ ಮಾತ್ರ ಇಲ್ಲವೇ ಇಲ್ಲ. ಚೀನೀಯರ ತೆಯೊಚ್ಯೂ ಮಾತಿನಲ್ಲಿ ಕಾಂಗ್ ಅಂದರೆ ಹೊಳೆ. 19ನೆಯ ಶತಮಾನದಲ್ಲಿ ವಲಸೆ ಬಂದ ಚೀನೀಯರು ಈ ಹೊಳೆಬದಿಯ ಕಾಡು ಕಡಿದು ಗ್ಯಾಂಬಿಯರ್ ಮತ್ತು ಕಾಳುಮೆಣಸಿನ ತೋಟ ಮಾಡಿದರು. ಚೋವಾ ಎನ್ನುವುದು ಹಾಗೆ ಬಂದವರ ಕುಲದ ಹೆಸರು. ಇದನ್ನು ಕೇಳಿದಾಗ ನಮ್ಮ ಕೊಡಗಿನ ಗೆಳೆಯನ ಮುಖ ಅರಳಿತ್ತು. "ಕಾಳುಮೆಣಸು ಬೆಳೆದ ನೆಲವಾ? ಹಾಗಾದ್ರೆ ನಮ್ಮೂರೇ ಬಿಡಿ ಅಕ್ಕಾ," ಅಂದಿದ್ದ.

ನಮ್ಮ ಮನೆಗೆ ಹಾಕಿ ಬಂದದ್ದು ಅವನಿಂದ. ಧಾರವಾಡದ ನನಗೂ ಹಾಸನದ ನಮ್ಮನೆಯವರಿಗೂ ಆಟ ಎಂದರೆ ಕ್ರಿಕೆಟ್ಟು ಅಷ್ಟೇ ಆಗಿತ್ತು. ಈ ಹುಡುಗ ಬೆಳೆದ ಊರಿನ ಲೆಕ್ಕವೇ ಬೇರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಹಬ್ಬ ಶುರುಮಾಡಿದಾಗ ಸೇರಿದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬದಲ್ಲಿ ಆಡಿದ್ದು 360 ತಂಡ. ಒಂದೊಂದು ಒಕ್ಕಕ್ಕೆ, ಅಂದರೆ ಕುಟುಂಬಕ್ಕೆ, ಒಂದೊಂದು ತಂಡ. ಒಂದೇ ಸಾಲಿನಲ್ಲಿ ಅಪ್ಪ, ಮಗ, ಕಾಲೇಜಿಗೆ ಹೋಗುವ ಹುಡುಗಿ ಎಲ್ಲರೂ ಸ್ಟಿಕ್ ಹಿಡಿದು ನಿಲ್ಲುತ್ತಾರೆ. ಇವನೂ ರಜೆ ಹಾಕಿ ಹೋಗಿ ತನ್ನ ಒಕ್ಕದ ಪರವಾಗಿ ಎರಡು ಆಟ ಆಡಿ ಮೊಣಕಾಲು ಊದಿಸಿಕೊಂಡು ಬಂದಿದ್ದ. ಪ್ಯಾರಿಸ್ ಒಲಿಂಪಿಕ್ಸಿಗೆ ಆರಿಸಿದ ತಂಡದಲ್ಲಿ ಕರ್ನಾಟಕದ ಒಬ್ಬನೂ ಇಲ್ಲವೆಂದು ಅವನಿಗೆ ನೋವಿತ್ತು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಎಂದು ಬೆರಳು ಮಡಿಸುತ್ತ ಹೋಗಿ, ಕೊನೆಗೆ ಕೈ ಬಿಚ್ಚಿ ಸುಮ್ಮನಾಗುತ್ತಿದ್ದ.

ಆಟ ನೋಡಲು ಬರುತ್ತಿದ್ದ ಇನ್ನೊಬ್ಬಳು ಪುತ್ತೂರಿನ ಹುಡುಗಿ. ಅವಳು ವೀಗನ್. ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಯಾವುದನ್ನೂ ಮುಟ್ಟುವುದಿಲ್ಲ. ಎರಡು ವರ್ಷ ನಮ್ಮ ಮನೆಗೆ ಬರುವಾಗೆಲ್ಲ ಒಂದು ಸ್ಟೀಲ್ ಡಬ್ಬಿ ತರುತ್ತಿದ್ದಳು. ನಾನು ತಟ್ಟೆ ಮುಂದಿಟ್ಟರೆ, "ಬೇಡ ಅಕ್ಕ, ನಾನು ತಂದಿದ್ದೇನೆ" ಎಂದು ಮೂಲೆಯ ಕುರ್ಚಿಯಲ್ಲಿ ಕೂತು ಡಬ್ಬಿ ತೆರೆಯುತ್ತಿದ್ದಳು. ಅದರಲ್ಲಿ ಹುರಿದ ಕಡಲೆಯೋ, ಬಾಳೆಕಾಯಿ ಚಿಪ್ಸೋ ಇರುತ್ತಿತ್ತು. ಉಳಿದವರೆಲ್ಲ ಒಂದು ತಟ್ಟೆಗೆ ಕೈ ಹಾಕುವಾಗ ಅವಳೊಬ್ಬಳ ಡಬ್ಬಿಯ ಮುಚ್ಚಳದ ಸದ್ದು ನನಗೆ ಕೇಳಿಸುತ್ತಿತ್ತು. ಹುಡುಗಿ ಹಟಮಾರಿ ಎಂದು ಒಬ್ಬಿಬ್ಬರು ಅಂದದ್ದೂ ಉಂಟು. ಅವಳು ವಾದಕ್ಕೆ ಇಳಿಯುತ್ತಿರಲಿಲ್ಲ.

ಒಮ್ಮೆ ಪಾತ್ರೆ ಒರೆಸುತ್ತ ನಿಂತಿದ್ದಾಗ ತಾನಾಗಿಯೇ ಹೇಳಿದಳು. ಅಜ್ಜನ ಮನೆಯ ಹಟ್ಟಿಯಲ್ಲಿ ಕರು ಹಿಡಿಯುವ ಕೆಲಸ ಅವಳದ್ದಂತೆ. ಕರುವನ್ನು ಕೆಚ್ಚಲಿಗೆ ಬಿಡಬೇಕು. ಹಸು ಸೊರೆ ಬಿಟ್ಟ ಕೂಡಲೇ ಎಳೆದು ಗೂಟಕ್ಕೆ ಕಟ್ಟಬೇಕು. ಎಳೆಯುವಾಗ ಕರುವಿನ ಬಾಯಿಯ ನೊರೆ ಅವಳ ಲಂಗಕ್ಕೆ ಹತ್ತುತ್ತಿತ್ತು. ಗಂಡು ಕರುವಾದರೆ ಕೆಲವು ತಿಂಗಳಿಗೆ ಹಟ್ಟಿಯಲ್ಲಿ ಅದರ ಜಾಗ ಖಾಲಿ. "ಕೊಟ್ಟಾಯಿತು" ಎನ್ನುತ್ತಿದ್ದರಂತೆ ಅಜ್ಜ. ಯಾರಿಗೆ ಕೊಟ್ಟದ್ದು, ಯಾಕೆ ಕೊಟ್ಟದ್ದು ಎಂದು ಅರ್ಥವಾಗುವ ವಯಸ್ಸು ಬಂದಮೇಲೆ ಅವಳಿಗೆ ಹಾಲು ಇಳಿಯಲಿಲ್ಲ. ಇಷ್ಟೇ ಹೇಳಿದ್ದು. ನಾನು ಹಾಲು ಬಿಟ್ಟಿಲ್ಲ, ಬೆಳಗಿನ ಚಹಾ ನನಗೆ ಬೇಕು. ಆದರೆ ಅವಳು ನನ್ನ ಮನೆಯಲ್ಲಿ ಡಬ್ಬಿ ತೆರೆದು ಒಬ್ಬಳೇ ಉಣ್ಣುವುದು ಸರಿಯಲ್ಲ ಎಂದು ಆವತ್ತೇ ಅನ್ನಿಸಿತು. ಅವಳಿಗಾಗಿ ಬೇರೆ ಬಟ್ಟಲು ಇಡುವುದೂ ಬೇಡ. ಬೇರೆ ಬಟ್ಟಲೆಂದರೆ ಅದೂ ಒಂದು ಡಬ್ಬಿಯೇ. ಆಟದ ದಿನ ಪರಾತದಲ್ಲಿ ಏನಿದ್ದರೂ ಅವಳು ಕೇಳದೆ ಕೈ ಹಾಕುವ ಹಾಗಿರಬೇಕು.

ಇದೇನು ಮಹಾ ಕಷ್ಟ ಎಂದುಕೊಂಡಿದ್ದೆ, ಕುರುಕಲಿನಲ್ಲಿ ಹಾಲೆಲ್ಲಿ ಬರುತ್ತದೆ ಎಂದು. ನೋಡಲು ಹೊರಟ ಮೇಲೆ ಗೊತ್ತಾಯಿತು. ಚಕ್ಕುಲಿ ಹಿಟ್ಟಿಗೆ ಬೆಣ್ಣೆ, ನಿಪ್ಪಟ್ಟಿಗೆ ಬೆಣ್ಣೆ, ಕೋಡುಬಳೆಗೆ ಬಿಸಿ ತುಪ್ಪ, ಅವಲಕ್ಕಿಗೆ ಕೂಡ "ಒಂದು ಚಮಚ ತುಪ್ಪ, ಘಮಕ್ಕೆ". ಪೊಟ್ಟಣದ ಮಸಾಲೆ ಚಿಪ್ಸಿನ ಹಿಂಬದಿಯ ಸಣ್ಣಕ್ಷರ ಓದಿದರೆ ಹಾಲಿನ ಪುಡಿ. ಕೋಡುಬಳೆಗೆ ತುಪ್ಪದ ಬದಲು ಕಾಯಿಸಿದ ಕೊಬ್ಬರಿಎಣ್ಣೆ ಹಾಕಿದೆ. ಮೊದಲ ಸಲ ಎಣ್ಣೆ ಹೆಚ್ಚಾಗಿ ಬಾಣಲೆಯಲ್ಲೇ ಬಿಚ್ಚಿಕೊಂಡವು. ಎರಡನೆಯ ಸಲ ಅಳತೆ ಕೈಗೆ ಹತ್ತಿತು. ಇನ್ನು ಕೆಲವಕ್ಕೆ ಏನೂ ಮಾಡಬೇಕಾಗಿರಲಿಲ್ಲ. ಗಿರ್ಮಿಟ್ಟಿನಲ್ಲಿ ಹಾಲಿನದೇನೂ ಇಲ್ಲ, ಮಿರ್ಚಿ ಭಜಿಯಲ್ಲೂ ಇಲ್ಲ. ಅವಳ ಊರಿನ ಹಲಸಿನ ಹಪ್ಪಳ, ಪುನರ್ಪುಳಿ ಶರಬತ್ತಿನಲ್ಲೂ ಇಲ್ಲ. ಕೊಡಗಿನ ಹುಡುಗ ಅಕ್ಕಿತರಿಯ ಕಡಂಬುಟ್ಟು ಬೇಯಿಸಿ ತರುತ್ತೇನೆಂದ. ಹಂದಿಮಾಂಸವಿಲ್ಲದ ಕಡಂಬುಟ್ಟು ಅವನ ಜೀವಮಾನದಲ್ಲೇ ಮೊದಲು. ಕಳಲೆಯ ಸಾರು ನೆಂಚಿಕೊಳ್ಳಲು ತಂದ. ಈಗ ಅದನ್ನೇ ಹೆಚ್ಚು ಸಲ ಮಾಡುತ್ತಾನೆ.

2024ರ ಆಗಸ್ಟ್ 4, ಭಾನುವಾರ. ಪ್ಯಾರಿಸ್‌ನಲ್ಲಿ ಭಾರತಕ್ಕೆ ಬ್ರಿಟನ್ ಜೊತೆ ಕ್ವಾರ್ಟರ್ ಫೈನಲ್, ನಮ್ಮ ಗಡಿಯಾರದಲ್ಲಿ ಸಂಜೆ 4 ಗಂಟೆಗೆ. ಆವತ್ತೇ ಭೀಮನ ಅಮಾವಾಸ್ಯೆ. ಬೆಳಿಗ್ಗೆ ದೀಪ ಹಚ್ಚಿ ನಮ್ಮನೆಯವರ ಪಾದಪೂಜೆ ಮುಗಿಸಿದ್ದೆ. ಭಂಡಾರ ಒಡೆಯಲು ಅಣ್ಣತಮ್ಮಂದಿರು ಇಲ್ಲಿಲ್ಲ. ಹಾಗಾಗಿ ಕೊಡಗಿನ ಹುಡುಗನೇ ನಮ್ಮ ಹೊಸ್ತಿಲ ಮೇಲೆ ಕೂತು, ನಾಣ್ಯ ಅಡಗಿಸಿಟ್ಟ ಕಡುಬನ್ನು ಮೊಣಕೈಯಿಂದ ಒಡೆದ. ಪುತ್ತೂರಿನವಳಿಗೆ ಅದು ಆಟಿ ಅಮಾವಾಸ್ಯೆ. ಊರಲ್ಲಿ ನಸುಕಿಗೆ ಎದ್ದು, ಹಾಲೆ ಮರದ ಕೆತ್ತೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುವ ದಿನ. ಕತ್ತಿ ತಾಗಿಸಬಾರದು. ತುಳುವಿನಲ್ಲಿ ಆ ಮರಕ್ಕೆ ಪಾಲೆ ಎನ್ನುತ್ತಾರೆಂದು ಅವಳು ಹೇಳುತ್ತಿದ್ದಾಗ ಪಕ್ಕದ ಮನೆಯ ಮಲಯ ಅಂಕಲ್ ತಟ್ಟನೆ, "ಪುಲಾಯ್! ನಮ್ಮಲ್ಲಿ ಪುಲಾಯ್!" ಎಂದರು. ಅದೇ ಜಾತಿಯ ಮರ. ಕೊಯ್ದರೆ ಬಿಳಿ ಹಾಲು ಸುರಿಯುತ್ತದೆ ಎಂದು ಇಬ್ಬರೂ ಒಟ್ಟಿಗೇ ಕೈಯಲ್ಲಿ ತೋರಿಸಿದರು.

ನಮ್ಮ ಕಾರಿಡಾರಿನಲ್ಲಿ ಒಂದು ಬದಿ ಮಲಯ ಕುಟುಂಬ, ಇನ್ನೊಂದು ಬದಿ ಚೀನೀ ಆಂಟಿ. ಇಲ್ಲಿನ ಸರ್ಕಾರಿ ವಸತಿಯಲ್ಲಿ ಒಂದೇ ಜನಾಂಗದವರು ಒಂದೇ ಕಡೆ ತುಂಬಿಕೊಳ್ಳಬಾರದೆಂದು 1989ರಿಂದ ಬ್ಲಾಕಿಗೆ ಇಷ್ಟೆಂದು ಮಿತಿ ಇಟ್ಟಿದ್ದಾರೆ. ಅದರಿಂದ ಬಾಗಿಲುಗಳು ಪಕ್ಕಪಕ್ಕ ಬರುತ್ತವೆ. ಬಾಗಿಲು ತೆರೆಯುವುದು ಬಿಡುವುದು ಒಳಗಿದ್ದವರಿಗೆ ಸೇರಿದ್ದು. ಆವತ್ತು ಚೀನೀಯರ ಏಳನೆಯ ತಿಂಗಳ ಮೊದಲ ದಿನವೂ ಆಗಿತ್ತು, ತೀರಿಹೋದವರು ಮನೆಗೆ ಬರುವ ತಿಂಗಳು. ಕೆಳಗೆ ಹುಲ್ಲಿನ ಅಂಚಿನಲ್ಲಿ ಊದುಬತ್ತಿ, ಕಿತ್ತಳೆ, ಅನ್ನ, ಚಹಾ ಇಟ್ಟಿದ್ದರು. ತಗಡಿನ ಡ್ರಮ್ಮಿನಲ್ಲಿ ಕಾಗದದ ಕಾಣಿಕೆ ಉರಿಯುತ್ತಿತ್ತು, ಬೂದಿಯ ಚೂರು ನಮ್ಮ ಕಿಟಕಿಯವರೆಗೂ ಹಾರಿಬಂತು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವುದೂ ಇದೇ ಅಲ್ಲವೇ. ಚೀನೀ ಆಂಟಿ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಮಾಂಸ, ಮೀನು, ಮೊಟ್ಟೆ ಬಿಡುತ್ತಾರೆ, ಈರುಳ್ಳಿ ಬೆಳ್ಳುಳ್ಳಿಯನ್ನೂ. ಪರಾತ ಕಂಡು ಬಾಗಿಲಲ್ಲೇ ನಿಂತು, "ಈರುಳ್ಳಿ ಉಂಟಾ?" ಎಂದು ಕೇಳಿದರು. "ಇಲ್ಲ ಆಂಟಿ, ಇವತ್ತು ನಮಗೂ ಇಲ್ಲ," ಎಂದೆ. ಅಮಾವಾಸ್ಯೆಯ ಅಡುಗೆ, ಈರುಳ್ಳಿ ಹಾಕಿರಲಿಲ್ಲ. ಬೇಕಾದವರಿಗೆಂದು ಹೆಚ್ಚಿ ಅಡುಗೆಮನೆಯಲ್ಲಿ ಇಟ್ಟಿದ್ದೆ ಅಷ್ಟೇ. "ಕ್ಯಾನ್, ಕ್ಯಾನ್," ಎನ್ನುತ್ತ ಆಂಟಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಅಂಕಲ್ ಸೀದಾ ಸೋಫಾದಲ್ಲಿ ಕೂತಿದ್ದರು. ಹಲಾಲ್ ಹೌದೋ ಅಲ್ಲವೋ ಎಂದು ಅವರು ಕೇಳುವ ಪ್ರಸಂಗವೇ ಬರಲಿಲ್ಲ.

ಒಬ್ಬ ಹುಡುಗಿ ಮುಜುಗರವಿಲ್ಲದೆ ತಿನ್ನಲಿ ಎಂದು ಬದಲಾಯಿಸಿದ ಪರಾತಕ್ಕೆ ಹೀಗೆ ಐದು ಮನೆತನದ ಕೈ ಬಿತ್ತು. ನಾನು ಅದನ್ನು ಮೊದಲೇ ಲೆಕ್ಕಹಾಕಿದ್ದೆ ಎಂದರೆ ಸುಳ್ಳಾಗುತ್ತದೆ.

ಎರಡನೆಯ ಕ್ವಾರ್ಟರ್ ಶುರುವಾಗಿ ಗಿರ್ಮಿಟ್ಟು ಅರ್ಧ ಪರಾತಕ್ಕೆ ಇಳಿದಿತ್ತು. 17ನೆಯ ನಿಮಿಷದಲ್ಲಿ ಅಮಿತ್ ರೋಹಿದಾಸರ ಸ್ಟಿಕ್ ಎದುರಾಳಿಯ ಮುಖಕ್ಕೆ ತಾಗಿತು. ವಿಡಿಯೋ ಪರಿಶೀಲನೆಯಾದ ಮೇಲೆ ಅಂಪೈರ್ ಕೆಂಪು ಕಾರ್ಡ್ ತೋರಿಸಿದರು. ಹಾಕಿಯಲ್ಲಿ ಕೆಂಪು ಕಾರ್ಡ್ ಆದವರ ಬದಲಿಗೆ ಇನ್ನೊಬ್ಬರು ಬರುವ ಹಾಗಿಲ್ಲ. ಇನ್ನು 43 ನಿಮಿಷ ಹತ್ತೇ ಜನ. ಕೊಡಗಿನ ಹುಡುಗ ಬಾಯಿಗೆ ಒಯ್ಯುತ್ತಿದ್ದ ಹಿಡಿಯನ್ನು ಪರಾತಕ್ಕೇ ಬಿಟ್ಟ. "ಮುಗೀತು ಅಕ್ಕಾ," ಎಂದ. ಐದೇ ನಿಮಿಷಕ್ಕೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಹರ್ಮನ್‌ಪ್ರೀತ್ ಸಿಂಗ್ ಹೊಡೆದ ಚೆಂಡು ಬಲೆಯಲ್ಲಿತ್ತು. ನಮ್ಮ ಕೂಗಿಗೆ ಮೇಲಿನ ಮನೆಯವರು ನೆಲ ಕುಟ್ಟಿದರು. 27ನೆಯ ನಿಮಿಷಕ್ಕೆ ಬ್ರಿಟನ್ನಿನ ಲೀ ಮಾರ್ಟನ್ ಸಮ ಮಾಡಿದ.

ಅರ್ಧ ಆಟದ ಬಿಡುವಿನಲ್ಲಿ ಅಂಕಲ್ ಹಳೆಯದನ್ನು ತೆಗೆದರು. ಶಾಲೆಯಲ್ಲಿ ಲೆಫ್ಟ್ ಹಾಫ್ ಆಡಿದವರು ಅವರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಸಿಂಗಪುರದ ಹಾಕಿ ತಂಡವೂ ಇತ್ತು, ಭಾರತ 6-0ಯಿಂದ ಸೋಲಿಸಿತು ಎಂದು ಅವರ ತಂದೆ ಹೇಳುತ್ತಿದ್ದರಂತೆ. 1975ರ ವಿಶ್ವಕಪ್ಪು ನಡೆದದ್ದು ಕೌಲಾಲಂಪುರದಲ್ಲಿ. ಸೆಮಿಫೈನಲಿನಲ್ಲಿ ಮಲೇಷ್ಯಾ ಗೆದ್ದೇಬಿಟ್ಟಿತು ಎನ್ನುವಾಗ ಅಸ್ಲಂ ಶೇರ್ ಖಾನ್ ಬಂದು, ಕೊರಳ ತಾಯಿತಕ್ಕೆ ಮುತ್ತಿಟ್ಟು ಗೋಲು ಹೊಡೆದದ್ದು. ಹೆಚ್ಚುವರಿ ಆಟದಲ್ಲಿ ಭಾರತ 3-2. "ನಾನು ಆವತ್ತು ಅತ್ತೆ," ಎಂದರು ಅಂಕಲ್. "ಇವತ್ತು ನಿಮ್ಮ ಕಡೆ ಕೂತಿದ್ದೇನೆ." ಆ ತಂಡದಲ್ಲಿ ನಮ್ಮ ಸೋಮವಾರಪೇಟೆಯ ಗೋವಿಂದ ಇದ್ದರು ಎಂದು ಕೊಡಗಿನ ಹುಡುಗ ಎದೆಯುಬ್ಬಿಸಿದ.

ಅಂಕಲ್ ತಂದಿದ್ದದ್ದು ಓಂಡೆ ಓಂಡೆ. ಅವರ ಹೆಂಡತಿ ಮಾಡಿದ್ದು. ಪಂದನ್ ಎಲೆಯ ರಸದಿಂದ ಹಸಿರಾದ ಅಂಟಕ್ಕಿ ಹಿಟ್ಟಿನ ಗೋಲಿ, ಹೊರಗೆ ಹಸಿ ತೆಂಗಿನತುರಿ, ಒಳಗೆ ಗುಲಾ ಮಲಾಕಾ ಎನ್ನುವ ತೆಂಗಿನ ಬೆಲ್ಲ. ಇಡಿಯಾಗಿ ಬಾಯಿಗೆ ಹಾಕಿ ತುಟಿ ಮುಚ್ಚಿ ಕಚ್ಚಬೇಕು, ಇಲ್ಲವಾದರೆ ಪಾಕ ಚಿಮ್ಮುತ್ತದೆ. ಹಾಲು ತುಪ್ಪದ ಸೋಂಕೇ ಇಲ್ಲ. ಪುತ್ತೂರಿನವಳು ಒಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಬೆಲ್ಲ ಒಳಗೆ ಒಡೆದದ್ದು ಅವಳ ಕೆನ್ನೆಯಲ್ಲಿ ಗೊತ್ತಾಯಿತು. "ಅಜ್ಜಿಯ ಓಲೆಬೆಲ್ಲ," ಎಂದಳು. ಆಮೇಲೆ ಅಂಕಲ್ ಹತ್ತಿರ ಹಾಕಿ ಚೆಂಡು ಚರ್ಮದ್ದೋ ಎಂದು ಕೇಳಿದಳು. ನಮ್ಮ ಕಾಲದಲ್ಲಿ ಚರ್ಮದ್ದೇ, ಈಗೆಲ್ಲ ಪ್ಲಾಸ್ಟಿಕ್ಕು ಎಂದರು. ಕ್ರಿಕೆಟ್ ಚೆಂಡು ಈಗಲೂ ಚರ್ಮದ್ದೆಂದು ಅವಳಿಗೆ ಗೊತ್ತು. ಕ್ರಿಕೆಟ್ಟಿಗೆ ಕರೆದರೆ ಅವಳು ಯಾಕೆ ನೆಪ ಹೇಳುತ್ತಿದ್ದಳು ಎಂಬುದು ನನಗೆ ಆಗ ಹೊಳೆಯಿತು.

ಕೊನೆಯ ಎರಡು ಕ್ವಾರ್ಟರಿನಲ್ಲಿ ಯಾರೂ ಏನೂ ತಿನ್ನಲಿಲ್ಲ. ಹತ್ತು ಜನ ವೃತ್ತದೊಳಗೆ ನಿಂತು ಹೊಡೆತ ತಡೆಯುವುದನ್ನು ಉಸಿರು ಬಿಗಿಹಿಡಿದು ನೋಡಿದೆವು. ಗೋಲಿನಲ್ಲಿ ಶ್ರೀಜೇಶ್. ಈ ಒಲಿಂಪಿಕ್ಸಿನೊಂದಿಗೆ ಆಟ ಬಿಡುತ್ತೇನೆಂದು ಅವರು ಮೊದಲೇ ಹೇಳಿದ್ದರಿಂದ, ಸೋತರೆ ಇದೇ ಅವರ ಕೊನೆಯ ಆಟ. 1-1. ಶೂಟೌಟ್. 23 ಮೀಟರ್ ಗೆರೆಯಿಂದ ಒಬ್ಬ ಆಟಗಾರ, ಎದುರಿಗೆ ಗೋಲಿ, ಎಂಟು ಸೆಕೆಂಡು. ಬ್ರಿಟನ್ನಿನ ಮೊದಲ ಎರಡೂ ಒಳಗೆ, ನಮ್ಮ ಎರಡೂ ಒಳಗೆ. ಅವರ ಮೂರನೆಯದು ಹೊರಗೆ ಹೋಯಿತು. ನಾಲ್ಕನೆಯದನ್ನು ಶ್ರೀಜೇಶ್ ತಡೆದರು. ರಾಜ್‌ಕುಮಾರ್ ಪಾಲ್ ಚೆಂಡು ನೂಕಿದಾಗ 4-2. ಚೀನೀ ಆಂಟಿಗೆ ಹಾಕಿಯ ನಿಯಮ ಒಂದೂ ಗೊತ್ತಿಲ್ಲ. ಪುತ್ತೂರಿನವಳ ಕೈಯನ್ನು ಎರಡೂ ಕೈಯಿಂದ ಹಿಡಿದು ಕುಣಿಸುತ್ತಿದ್ದರು. ಪರಾತದಲ್ಲಿ ಉಳಿದ ಗಿರ್ಮಿಟ್ಟು ಮೆತ್ತಗಾಗಿ ಮುದ್ದೆಯಾಗಿತ್ತು. ಅದನ್ನೂ ಬಿಡದೆ ಬಳಿದು ತಿಂದರು. ಆ ಹುಡುಗಿಯ ಸ್ಟೀಲ್ ಡಬ್ಬಿ ಚಪ್ಪಲಿಗಳ ಪಕ್ಕ ಚೀಲದಲ್ಲೇ ಇತ್ತು. ಆವತ್ತು ಅದನ್ನು ತೆರೆಯಲೇ ಇಲ್ಲ.

ಸೆಮಿಫೈನಲ್ ನಮಗೆ ಬುಧವಾರ ಬೆಳಗಿನ ಜಾವ 1 ಗಂಟೆಗೆ. ಎಲ್ಲರಿಗೂ ಕೆಲಸ, ಅವರವರ ಮನೆಯಲ್ಲೇ ನೋಡಿದೆವು. ಜರ್ಮನಿ 3, ಭಾರತ 2.

ಕಂಚಿನ ಆಟ ಗುರುವಾರ ರಾತ್ರಿ 8ಕ್ಕೆ. ಮರುದಿನ ಆಗಸ್ಟ್ 9, ಸಿಂಗಪುರದ ರಾಷ್ಟ್ರೀಯ ದಿನ, ರಜೆ. ಎದುರಿನ ಬ್ಲಾಕಿನ ಕಾರಿಡಾರುಗಳ ತುಂಬ ಕೆಂಪು ಬಿಳಿ ಬಾವುಟ. ನಮಗೆ ಗುರುವಾರ ನಾಗರ ಚೌತಿ, ಮಾರನೆಯ ದಿನ ಪಂಚಮಿ. ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿದ್ದೆ. ಪಂಚಮಿಗೆ ಧಾರವಾಡದ ಕಡೆ ಉಂಡಿಯದೇ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ ಡಬ್ಬಿಗಟ್ಟಲೆ ಕಟ್ಟುತ್ತಾರೆ. ತುಪ್ಪ ಇಲ್ಲದೆ ಉಂಡಿ ಹಿಡಿಯುತ್ತದೆಯೇ ಎಂದು ಕೇಳಿದೆ.

"ಶೇಂಗಾ ಉಂಡಿಗೆ ತುಪ್ಪ ಯಾಕ ಬೇಕವಾ? ಶೇಂಗಾದಾಗನ ಎಣ್ಣಿ ಐತಿ. ಬಿಸಿ ಬೆಲ್ಲ ಹಾಕಿ ಕುಟ್ಟು, ತಾನ ಹಿಡೀತೈತಿ," ಅಂದಳು ಅವ್ವ. ಆಮೇಲೆ ತುಸು ತಡೆದು, "ಆ ಹುಡುಗಿ ಹಾಲ ಮುಟ್ಟಂಗಿಲ್ಲ ಅಂದ್ರ, ನಾಳೆ ನಾಗಪ್ಪಗ ಏನ್ ಎರೀತಾಳ?" ಎಂದು ಕೇಳಿದಳು. ಅವ್ವನ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾದ ಚಿಂತೆಯಿತ್ತು. ಸಂಜೆ ಅವಳನ್ನೇ ಕೇಳಿದೆ. "ನಮ್ಮಲ್ಲಿ ನಾಗನಿಗೆ ಸೀಯಾಳದ ಅಭಿಷೇಕವೂ ಉಂಟಲ್ಲ ಅಕ್ಕ," ಎಂದಳು. ಇಲ್ಲಿನ ಲಾಟ್ ಒನ್ ಮಾಲ್‌ನಿಂದ ಎಳನೀರು ಕೊಂಡು ತಂದಿದ್ದಳು, ಚೀಲದಿಂದ ತೆಗೆದು ತೋರಿಸಿದಳು. ಅವ್ವನಿಗೆ ಮತ್ತೆ ಫೋನ್ ಮಾಡಿ ಹೇಳಿದಾಗ, "ಹಾಂ, ಎಳನೀರು ಅಂದ್ರ ಇನ್ನೂ ತಂಪು," ಎಂದು ಸಮಾಧಾನಪಟ್ಟಳು.

ಸ್ಪೇನ್ ಮೊದಲು ಗೋಲು ಹೊಡೆಯಿತು. ಅರ್ಧ ಆಟ ಮುಗಿಯುವ ಹೊತ್ತಿಗೆ ಒಂದು, ಮತ್ತೆ ಶುರುವಾದ ಮೂರು ನಿಮಿಷಕ್ಕೆ ಇನ್ನೊಂದು, ಎರಡೂ ಹರ್ಮನ್‌ಪ್ರೀತ್. 2-1. ಟೋಕಿಯೋ ಆದಮೇಲೆ ಸತತ ಎರಡನೆಯ ಕಂಚು. ಶ್ರೀಜೇಶ್ ಗೋಲಿನ ಕಂಬದ ಮೇಲೆ ಹತ್ತಿ ಕೂತದ್ದನ್ನು ನೋಡುತ್ತ ಕೊಡಗಿನ ಹುಡುಗ ಕಣ್ಣೊರೆಸಿಕೊಂಡ. ಅಂಕಲ್ ಅವನ ಬೆನ್ನ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದರು.

ಹೊರಡುವಾಗ ಪುತ್ತೂರಿನವಳು ತನ್ನ ಸ್ಟೀಲ್ ಡಬ್ಬಿ ತೆಗೆದಳು. ಈ ಸಲ ಅದನ್ನು ತೊಳೆದು ಒರೆಸಿ ಖಾಲಿಯೇ ತಂದಿದ್ದಳು. "ಉಂಡಿಗೆ," ಎಂದು ನನ್ನ ಮುಂದೆ ಹಿಡಿದಳು. ಹನ್ನೆರಡು ಶೇಂಗಾ ಉಂಡಿ ಹಿಡಿಸಿದವು. ರಾತ್ರಿ ನೀರಜ್ ಚೋಪ್ರಾ ಜಾವೆಲಿನ್ ಎಸೆಯುವುದಿತ್ತು, ನಮ್ಮ ಲೆಕ್ಕದಲ್ಲಿ 2.25ಕ್ಕೆ. ನನಗೆ ಎಚ್ಚರವಿರಲು ಆಗಲಿಲ್ಲ. ಬೆಳಿಗ್ಗೆ ಎದ್ದು ಫೋನ್ ನೋಡಿದರೆ ನಸುಕಿನ ನಾಲ್ಕು ಗಂಟೆಗೆ ಅವಳ ಸಂದೇಶ ಬಂದಿತ್ತು: "ಬೆಳ್ಳಿ ಬಂತು ಅಕ್ಕ. ಉಂಡಿ ಮುಗಿಯಿತು."